ಅಮ್ಮನ ಹೆಸರಿನ ಚಿಪ್ಪು

“ಆ ಟ್ರೇ ಮುಟ್ಟಿದ್ರೆ ನೋಡಿ ಮತ್ತೆ!”

ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಅವಳ ದನಿಗೆ ಡ್ರಾಯರುಗಳೇ ಅದುರಬೇಕಿತ್ತು. ಕತ್ತಿಗೆ ಲೆನ್ಸ್ ನೇತುಹಾಕಿಕೊಂಡಿದ್ದ ಅಪರಿಚಿತನೊಬ್ಬ ಅವಳ ಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದ.

“ಮುಟ್ಟಿ ಆಯ್ತಲ್ಲ. ಈಗೇನು ಮಾಡ್ತೀರಿ?” ಎಂದು ನಕ್ಕ.

ಅಬ್ಬಾ, ಎಂಥ ಕೊಬ್ಬು! ಅವಳು ಚಿಪ್ಪನ್ನು ಕಿತ್ತುಕೊಂಡಳು. ಬೆರಳಿಗೆ ಬೆರಳು ತಾಗಿತು. ಸಿಟ್ಟಿಗೆ ಮುಖ ಕೆಂಪಾಗಿದ್ದು ಸರಿ, ಕಿವಿ ಯಾಕೆ ಬಿಸಿಯಾಯಿತೋ... ಅವಳಿಗೇ ತಿಳಿಯಲಿಲ್ಲ.

ಅವಳ ಚಿಪ್ಪೆಂದರೆ ಅಂತಿಂಥ ಚಿಪ್ಪಲ್ಲ. ಸಮುದ್ರ ಹಿಂದೆ ಸರಿದು, ಕೆಸರು ಕಲ್ಲಾಗಿ, ಕೋಟ್ಯಂತರ ವರ್ಷ ಆ ಕಲ್ಲಿನೊಳಗೆ ಉಳಿದಿದ್ದ ಚಿಪ್ಪು. ಬಟ್ಟಲಿನಂತೆ ಆಳ, ಮೈತುಂಬ ಗೆರೆ. ಅಳೆದು, ಚಿತ್ರ ಬರೆದು, ಇದು ಹೊಸ ಜೀವಿ ಎಂದು ಪತ್ರಿಕೆಯಲ್ಲಿ ವಿವರಿಸಿದವಳು ಅವಳೇ. ವಿವರಿಸಿದವರಿಗೇ ಹೆಸರಿಡುವ ಹಕ್ಕು. ಅವಳು ಇಟ್ಟಿದ್ದು ಅಮ್ಮನ ಹೆಸರು.

ಅಮ್ಮ ಸಿಟಿ ಬಸ್ಸಿನ ಡ್ರೈವರ್. ಸ್ಟಿಯರಿಂಗ್ ತಿರುಗಿಸುತ್ತಲೇ ಮಗಳನ್ನು ಓದಿಸಿದವಳು. ಈಗ ಬಸ್ಸು ಹತ್ತಿದವರಿಗೆಲ್ಲ, “ನನ್ನ ಹೆಸರಲ್ಲೊಂದು ಚಿಪ್ಪಿದೆ, ಗೊತ್ತಾ?” ಎಂದು ಹೇಳದಿದ್ದರೆ ಅವಳಿಗೆ ಗೇರ್ ಬೀಳುತ್ತಿರಲಿಲ್ಲ.

ಹೊಸಬನೂ ಅವಳಂತೆ ಪಳೆಯುಳಿಕೆಗಳ ಕಸುಬಿನವನು, ವರ್ಗವಾಗಿ ಬಂದಿದ್ದ. ಹಿಂದೆ ಇದ್ದಲ್ಲಿ ಅವನೂ ಅದೇ ಬಂಡೆಸಾಲಿನಿಂದ ಒಂದು ಹೊಸ ಚಿಪ್ಪನ್ನು ವಿವರಿಸಿದ್ದ. ಅವನದು ಮುಚ್ಚಳದಂತೆ ಚಪ್ಪಟೆ. ಅವಳ ಬರಹಕ್ಕಿಂತ ಎರಡು ತಿಂಗಳು ಮೊದಲೇ ಅಚ್ಚಾಗಿತ್ತು. ಕೋಣೆಯವರೆಲ್ಲ ಅವನಿಗೆ ‘ಲೆನ್ಸ್ ಸಾಹೇಬ’ ಎಂದು ಹೆಸರಿಟ್ಟರು.

ಒಂದೇ ಮೇಜು, ಎದುರು ಬದುರು. ಮೊದಮೊದಲು ಬರೀ ಜಗಳ. ಆಮೇಲೆ ಜಗಳವಿಲ್ಲದ ದಿನ ಅವಳಿಗೇ ಬೇಜಾರು! ಸೂಜಿಮೊನೆಯಲ್ಲಿ ಕಲ್ಲುಪುಡಿ ಬಿಡಿಸುತ್ತಾ ಅವಳು ಉಸಿರು ಬಿಗಿಹಿಡಿದರೆ, ಅವನು ಕೇಳದೆಯೇ ದೀಪವನ್ನು ಇತ್ತ ಬಗ್ಗಿಸುತ್ತಿದ್ದ. ಅಮ್ಮ ಒಮ್ಮೆ ಯೂನಿಫಾರ್ಮಿನಲ್ಲೇ ಬಂದು ಚಿಪ್ಪಿದ್ದ ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ, ಹೆಸರು ಕಾಣುವಂತೆ ಫೋಟೋ ತೆಗೆದುಕೊಟ್ಟವನೂ ಅವನೇ.

ಇವನು ನಂಗೆ ಇಷ್ಟ ಆಗಿಬಿಟ್ಟಿದ್ದಾನೆ... ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಈ ವಾರ ಹೇಳಿಬಿಡಬೇಕು ಎಂದು ಅವಳು ಗಟ್ಟಿ ಮನಸ್ಸು ಮಾಡಿದಳು.

ಹೇಳುವ ಮೊದಲೇ, ಒಡೆದ ಚಿಪ್ಪು ಕೂಡಿಸುವ ಅಂಟು ಮುಗಿಯಿತು. “ನನ್ನ ಕಪಾಟಲ್ಲಿದೆ, ತಗೊಳ್ಳಿ,” ಎಂದು ಅವನು ಹೊರಗಿನಿಂದ ಕೂಗಿದ. ಅಂಟಿನ ಹಿಂದೆ ಹತ್ತಿಯಲ್ಲಿ ಸುತ್ತಿದ ಕಲ್ಲಿನ ಉಂಡೆಯೊಂದಿತ್ತು. ಬಿಚ್ಚಿದಳು.

ದೀಪದ ಕೆಳಗೆ ಹಿಡಿದಳು.

ಒಂದು ಕಡೆ ಅವಳ ಆಳದ ಚಿಪ್ಪು. ತಿರುಗಿಸಿದರೆ ಅವನ ಚಪ್ಪಟೆ ಚಿಪ್ಪು. ಎರಡೂ ಬಾಯಿ ಮುಚ್ಚಿ, ಕೂಡಿಕೊಂಡು ಕಲ್ಲಾಗಿದ್ದವು. ಎರಡು ಜೀವಿಗಳಲ್ಲ... ಒಂದೇ ಜೀವಿ! ಅವಳು ಎಡ ಚಿಪ್ಪು ಹಿಡಿದು ಹೆಸರಿಟ್ಟಿದ್ದಳು, ಅವನು ಬಲ ಚಿಪ್ಪು ಹಿಡಿದು.

ಒಂದು ಜೀವಿಗೆ ಒಂದೇ ಹೆಸರು. ಮೊದಲು ಅಚ್ಚಾಗಿದ್ದೇ ನಿಲ್ಲುತ್ತದೆ. ಅಂದರೆ ಅಮ್ಮನ ಹೆಸರು ಹೋಯಿತು.

ಅವನು ಒಳಗೆ ಬಂದವನು ಬಾಗಿಲಲ್ಲೇ ನಿಂತ.

“ಯಾವಾಗಿಂದ ಗೊತ್ತಿತ್ತು?”

“ನಿಮ್ಮಮ್ಮ ಬಂದು ಹೋದ ಮಾರನೇ ದಿನ. ಹಳೇ ಡ್ರಾಯರ್ ಖಾಲಿ ಮಾಡುವಾಗ ಸಿಕ್ತು.”

“ಯಾವುದಾದ್ರೂ ಸಮ್ಮೇಳನದಲ್ಲಿ ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆಯೋಣ ಅಂತ ಇಟ್ಕೊಂಡಿದ್ರಾ?”

“ಛೇ! ಯಾರಿಗೂ ತೋರಿಸಬಾರದು ಅಂತ ಇಟ್ಟಿದ್ದೆ. ನಿಮ್ಮಮ್ಮ ಆವತ್ತು ಗಾಜಿನ ಮೇಲೆ ಕೈಯಿಟ್ಟು ಹೆಸರು ಓದಿದ್ದು ನೋಡಿದ್ರಲ್ಲ... ನನ್ನ ಕೈಲಿ ಆಗಲಿಲ್ಲ.”

ಅವಳಿಗೆ ಅಳುವೂ ಬಂತು, ಪಿತ್ತವೂ ನೆತ್ತಿಗೇರಿತು.

“ಕರುಣೆನಾ? ನನ್ನ ತಪ್ಪನ್ನ ಹತ್ತಿಯಲ್ಲಿ ಸುತ್ತಿಡೋಕೆ ನೀವ್ಯಾರು? ನಾನು ಅಷ್ಟು ಕೈಲಾಗದವಳಾ?”

“ಕರುಣೆ ಅಲ್ಲ...”

“ಬೇಡ. ಮಾತಾಡಬೇಡಿ.”

ಉಂಡೆಯನ್ನು ಹಿಡಿದು ಹೊರಟೇಬಿಟ್ಟಳು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಯೋಚಿಸಿದಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಮ್ಮನ ಖುಷಿ ಹಾಗೇ ಇರುತ್ತದೆ. ಆದರೆ ಆ ಪೆಟ್ಟಿಗೆಯ ಮುಂದೆ ತಾನು ಇನ್ನು ತಲೆಯೆತ್ತಿ ನಿಲ್ಲಲಾದೀತೇ? ಇಲ್ಲ. ಕೆಡಿಸಿದ್ದು ನಾನು, ಸರಿ ಮಾಡುವವಳೂ ನಾನೇ!

ಅಡುಗೆಮನೆಯಲ್ಲಿ ಅಮ್ಮ ಯೂನಿಫಾರ್ಮಿನ ಗುಂಡಿ ಹೊಲಿಯುತ್ತಿದ್ದಳು. ಮಗಳು ಎಲ್ಲವನ್ನೂ ಹೇಳಿದಳು. ಅಮ್ಮ ದಾರ ಕಚ್ಚಿ ತುಂಡರಿಸಿದಳು.

“ಅಮ್ಮಾ, ಏನಾದ್ರೂ ಹೇಳು.”

“ಹೊಟ್ಟೆ ಉರೀತಿದೆ, ಇನ್ನೇನು ಹೇಳ್ಲಿ? ಇಡೀ ರೂಟಿಗೇ ಹೇಳ್ಕೊಂಡು ಬಂದಿದ್ದೆನಲ್ಲೇ...” ಅಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು, “ಪೂರ್ತಿ ಅಳಿಸಿಬಿಡ್ತಾರಾ?”

“ಅಳಿಸಲ್ಲ. ಲೆನ್ಸ್ ಸಾಹೇಬ್ರು ಇಟ್ಟ ಹೆಸರಿನ ಕೆಳಗೆ, ಇದಕ್ಕೆ ಆಮೇಲೆ ಹೀಗೂ ಹೆಸರಿಟ್ಟಿದ್ರು ಅಂತ ನಿನ್ನ ಹೆಸರು ಹಾಕ್ತಾರೆ. ಮುಂದೆ ಯಾರು ಇದರ ಪೂರ್ತಿ ವಿವರ ಬರೆದ್ರೂ ಹಾಕಲೇಬೇಕು.”

“ಹಾಗಿದ್ರೆ ಬರೀ. ನನಗೋಸ್ಕರ ನೀನು ಸುಳ್ಳು ಕಾಯ್ಕೊಂಡು ಕೂತ್ಕೋಬೇಡ. ಆ ಹುಡುಗ... ಫೋಟೋ ತೆಗೆದವನೇ ತಾನೇ? ಬಚ್ಚಿಟ್ಟಿದ್ದು ಯಾರಿಗೋಸ್ಕರ ಅಂತ ಕೇಳಿದ್ಯಾ?”

ಅವಳು ಕೇಳಿರಲಿಲ್ಲ. ಅವನಿಗೆ ಹೇಳಲು ಬಿಟ್ಟೇ ಇರಲಿಲ್ಲ.

ಬೆಳಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ, ಅವಳು ಉಂಡೆಯನ್ನು ಮೇಜಿನ ನಡುವೆ ಇಟ್ಟಳು. ಅವನು ಬಂದ. ರಾತ್ರಿಯಿಡೀ ನಿದ್ದೆ ಮಾಡದವನ ಮುಖ.

“ಕೂತ್ಕೊಳ್ಳಿ. ನಾವಿಬ್ಬರೂ ಸೇರಿ ಪತ್ರಿಕೆಗೆ ತಿದ್ದುಪಡಿ ಬರೀತಿದ್ದೀವಿ. ನಾನಿಟ್ಟ ಹೆಸರನ್ನ ಕೆಳಗಿಳಿಸೋಳು ನಾನೇ. ಬೇಡ ಅನ್ನೋ ಹಾಗಿಲ್ಲ.”

“ಅಮ್ಮನಿಗೆ...?”

“ಹೇಳಿದ್ದೀನಿ. ಅತ್ರು. ಆಮೇಲೆ ಬರೀ ಅಂದ್ರು.”

ಅವನು ತಲೆ ತಗ್ಗಿಸಿದ. “ತಪ್ಪಾಯ್ತು. ನಿಮ್ಮ ಪರವಾಗಿ ನಾನು ತೀರ್ಮಾನ ಮಾಡಬಾರದಿತ್ತು.”

“ಹೌದು, ಮಾಡಬಾರದಿತ್ತು. ಈಗ ಹೇಳಿ. ಕರುಣೆ ಅಲ್ಲ ಅಂದ್ರಲ್ಲ. ಮತ್ತೇನು?”

ಅವನು ಕತ್ತಿನ ಲೆನ್ಸನ್ನು ತೆಗೆದ, ಮತ್ತೆ ಹಾಕಿಕೊಂಡ.

“ಪ್ರೀತಿ,” ಎಂದ ಕೊನೆಗೆ. “ನೀವು ಟ್ರೇ ಕಿತ್ಕೊಂಡ ದಿನದಿಂದ.”

“ಟ್ರೇ ಅಲ್ಲ, ಚಿಪ್ಪು ಕಿತ್ಕೊಂಡಿದ್ದು. ಸರಿಯಾಗಿ ವಿವರಿಸಿ,” ಎಂದಳು. ಕಣ್ಣಿಂದ ನೀರಿಳಿಯುತ್ತಿತ್ತು, ತುಟಿಯಲ್ಲಿ ನಗು ನಿಲ್ಲುತ್ತಿರಲಿಲ್ಲ. “ನಾನೂ ಈ ವಾರ ಅದನ್ನೇ ಹೇಳೋಳಿದ್ದೆ. ಹಾಳು ಅಂಟು ಮುಗಿದುಹೋಯ್ತು!”

ಅವನು ಮೇಜಿನ ಮೇಲಿದ್ದ ಅವಳ ಕೈ ಹಿಡಿದ. ಈ ಸಲ ಅವಳು ಕಿತ್ತುಕೊಳ್ಳಲಿಲ್ಲ.

ಫೋನ್ ಹೊಡೆದುಕೊಂಡಿತು. ಅಮ್ಮ. ಹಿಂದೆ ಬಸ್ ಡಿಪೋದ ಗದ್ದಲ.

“ಏನಂದ ಅವನು?”

“ಅವನನ್ನೇ ಕೇಳು,” ಎಂದು ಅವಳು ಫೋನನ್ನು ಅವನ ಕಡೆ ಹಿಡಿದಳು.

“ನೋಡಪ್ಪಾ,” ಎಂದಳು ಅಮ್ಮ, “ಇನ್ನು ಮುಂದೆ ನೀನಿಟ್ಟ ಹೆಸರಿನ ಕೆಳಗೆ ನನ್ನ ಹೆಸರು ಯಾವಾಗಲೂ ಇರುತ್ತಂತೆ. ಎಲ್ಲಿ ಹೋದ್ರೂ ಈ ಅತ್ತೆ ಬೆನ್ನು ಬಿಡಲ್ಲ. ಒಪ್ಪಿಗೆನಾ?”

ಅವನು ಅವಳ ಮುಖವನ್ನೇ ನೋಡಿದ.

“ಒಪ್ಪಿಗೆ, ಅತ್ತೆ.”

“ನನ್ನನ್ನು ಕೇಳಲೇ ಇಲ್ಲ?” ಎಂದಳು ಅವಳು ಪಿಸುಮಾತಿನಲ್ಲಿ.

“ನಿಮ್ಮ ಒಪ್ಪಿಗೆ?”

“ಮೊದಲು ದೀಪ ಇತ್ತ ಬಗ್ಗಿಸಿ,” ಎಂದು ಅವಳು ಸೂಜಿ ಎತ್ತಿಕೊಂಡಳು. “ಒಪ್ಪಿಗೆನೇ. ಈಗ ಕೆಲಸ ಶುರು ಮಾಡೋಣ.”