ಹೊಸಕಿದ ಅಣಬೆ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಸ್ಯಶಾಸ್ತ್ರದ ಪ್ರೊಫೆಸರ್ ಠಾಣೆಗೆ ಬಂದು, ತಮ್ಮ ಸಂಗ್ರಹಾಲಯದ ಒಣ ಅಣಬೆಯೊಂದನ್ನು ಯಾರೋ ಪುಡಿ ಮಾಡಿದ್ದಾರೆಂದು ದೂರು ಕೊಟ್ಟರು. ಅಣಬೆಗೂ ಎಫ್‌ಐಆರ್ ಬೇಕೇ ಎಂದು ಇನ್‌ಸ್ಪೆಕ್ಟರಿಗೆ ಮೈ ಉರಿಯಿತು. ಆದರೂ ದಾಖಲಿಸಿಕೊಂಡು ಹೊರಟರು.

ಸಂಗ್ರಹಾಲಯದ ಕಪಾಟಿನ ತುಂಬ ಲಕೋಟೆಗಳು. ಎಲ್ಲವೂ ಒಂದೇ ಕುಟುಂಬದ ಕಾಡಣಬೆಗಳು; ಕೊಡೆಯಡಿಯ ಪದರಗಳು ಸೀಮೆಸುಣ್ಣದಂತೆ ಮುರಿಯುವ ಜಾತಿ. ಒಂದು ಲಕೋಟೆ ಮಾತ್ರ ನೆಲದಲ್ಲಿತ್ತು. ಒಳಗಿದ್ದುದನ್ನು ಚಪ್ಪಲಿಯಲ್ಲಿ ಹೊಸಕಿದ್ದರು.

"ಸಾರ್, ಶವಾನ ಪೊಟ್ಟಣ ಕಟ್ಟಲಾ?" ಎಂದ ಪಂಚನಾಮೆ ಬರೆಯುತ್ತಿದ್ದ ಪೇದೆ. ಆಮೇಲೆ ಲಕೋಟೆ ಎತ್ತಿ ತೋರಿಸಿದ. "ಕತ್ತರಿಸಿದ ಅಂಚು ನೋಡಿ, ಹಲ್ಲುಹಲ್ಲಾಗಿದೆ. ಟೈಲರ್‌ಗಳ ಹಲ್ಲುಕತ್ತರಿ ಕೆಲಸ ಇದು."

ಇನ್‌ಸ್ಪೆಕ್ಟರ್ ಪ್ರೊಫೆಸರತ್ತ ತಿರುಗಿದರು. "ಇದೇ ಯಾಕೆ?"

"ಇದು ಮೂಲ ಮಾದರಿ. ಈ ಜಾತಿಗೆ ನಾನು ಹೆಸರಿಟ್ಟಿದ್ದೇ ಇದನ್ನ ನೋಡಿ."

"ಯಾರಾದ್ರೂ ಇದರ ಬಗ್ಗೆ ಕೇಳ್ಕೊಂಡು ಬಂದಿದ್ರಾ?"

"ಒಬ್ಬ ಹೆಂಗಸು, ಟೈಲರಮ್ಮ. ಗಂಡ ಈ ಜಾತಿ ಅಣಬೆ ತಿಂದು ಸತ್ತನಂತೆ. ನಾನು ತಿನ್ನೋ ಪಂಗಡಕ್ಕೆ ಸೇರಿಸಿದ್ದು ತಪ್ಪಂತೆ, ವಿಷದ್ದಕ್ಕೆ ಹಾಕ್ಬೇಕಂತೆ. ವರ್ಗೀಕರಣ ಅಂದ್ರೆ ಹೋಟೆಲ್ ಮೆನು ಏನ್ರೀ?"

"ತಪ್ಪಾಗಿತ್ತಾ?"

"ಆಗ ಪದರದ ಬಣ್ಣ ನೋಡಿ ಸೇರಿಸಿದ್ದೆ. ಬೀಜಕಣ ನೋಡ್ಬೇಕಿತ್ತು. ಮತ್ತೆ ಪರೀಕ್ಷೆ ಆಗ್ಬೇಕು ಅಂತ ಹೊರಗಿನ ಲ್ಯಾಬಿನವರು ಪಟ್ಟು ಹಿಡಿದ್ರು, ಇದನ್ನ ಇವತ್ತು ಕಳಿಸೋದಿತ್ತು."

"ಆಕೆ ಬಂದಿದ್ದು ಯಾವಾಗ?"

"ಎರಡು ವರ್ಷದ ಹಿಂದೆ. ಆಮೇಲೂ ಬರ್ತಾನೇ ಇದ್ಲು."

ಇನ್‌ಸ್ಪೆಕ್ಟರ್ ಹಲ್ಲು ಕಡಿದರು. ಒಂದು ಜೀವ ಹೋಗಿದೆ, ಈ ಮನುಷ್ಯ ಎರಡು ವರ್ಷ ಕೈಕಟ್ಟಿ ಕೂತಿದ್ದಾನೆ! ಇವನನ್ನು ಒಳಗೆ ಹಾಕಲು ಯಾವ ಕಲಮೂ ಇರಲಿಲ್ಲ.

ಅಂಗಡಿಗೆ ಬಂದ ಇನ್‌ಸ್ಪೆಕ್ಟರನ್ನೂ ಮಹಿಳಾ ಪೇದೆಯನ್ನೂ ನೋಡಿಯೂ ಟೈಲರಮ್ಮ ಹೊಲಿಗೆ ನಿಲ್ಲಿಸಲಿಲ್ಲ.

"ನಾನೇ ಮಾಡಿದ್ದು. ಭಾನುವಾರ ಜನರನ್ನ ಒಳಗೆ ಬಿಡ್ತಾರಲ್ಲ, ಆಗ ಹೋದೆ. ನಮ್ಮ ಯಜಮಾನ್ರನ್ನ ಕೊಂದಿದ್ದನ್ನ ಬೀರುವಲ್ಲಿ ಜೋಪಾನ ಮಾಡಿದಾರೆ. ನನಗೆ ಕೂತ್ಕೋ ಅಂತ ಒಂದು ಮಾತು ಹೇಳ್ಲಿಲ್ಲ."

"ಅಮ್ಮಾ, ಇವತ್ತು ಅದನ್ನ ಪರೀಕ್ಷೆಗೆ ಕಳಿಸೋರಿದ್ರು. ನೀವು ಹೇಳಿದ್ದೇ ಸರಿ ಅಂತ ಗೊತ್ತಾಗ್ತಿತ್ತು," ಎಂದರು ಇನ್‌ಸ್ಪೆಕ್ಟರ್.

ಮೆಷಿನ್ ನಿಂತಿತು. ಆಕೆ ತನ್ನ ಚಪ್ಪಲಿಯತ್ತ ನೋಡಿದಳು.

"ಬೇರೆ ಅಣಬೆ ಸಿಕ್ಕಿದ್ರೆ ಆಗಲ್ವಾ?"

ಇನ್‌ಸ್ಪೆಕ್ಟರ್ ಅಲ್ಲಿಂದಲೇ ಪ್ರೊಫೆಸರಿಗೆ ಫೋನ್ ಮಾಡಿ ಕೇಳಿದರು. ಅದೇ ಕಾಡಿನದಾದರೆ ಆದೀತು ಎಂದರು ಪ್ರೊಫೆಸರ್.

"ನಮ್ಮ ಯಜಮಾನ್ರು ಅಣಬೆ ಕಿತ್ತ ಮರದ ಬುಡ ನನಗೆ ಗೊತ್ತು, ತೋರಿಸ್ತೀನಿ. ಆದ್ರೆ ಆ ಮನುಷ್ಯನೇ ಬರ್ಬೇಕು. ಮಂಡಿಯೂರಿ ತನ್ನ ಕೈಯಾರೆ ಕೀಳ್ಬೇಕು."

ಮಧ್ಯಾಹ್ನ ಮೂರಕ್ಕೆ ಟೈಲರಮ್ಮನ ಬಂಧನ ದಾಖಲಾಯಿತು. ಅಪರಾಧದ ಕಾರಣ ಬರೆಯುವಲ್ಲಿ ಇನ್‌ಸ್ಪೆಕ್ಟರ್ 'ದ್ವೇಷ' ಎಂದು ಬರೆದು ಹೊಡೆದುಹಾಕಿದರು. 'ಎರಡು ವರ್ಷ ಯಾರೂ ಈಕೆಯ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ' ಎಂದು ಬರೆದರು. ಆಮೇಲೆ ಕಾಡಿಗೆ ಹೋಗಲೆಂದು ಪ್ರೊಫೆಸರನ್ನು ಕರೆತರಲು ಜೀಪು ಕಳಿಸಿದರು.