ಮುದ್ರೆಯ ಪೆಟ್ಟಿಗೆಯಲ್ಲಿ ನೀಲಿ ಕೈ

ನಗರಸಭೆಯ ಪೆಟ್ಟಿಗೆ ತೆರೆದಾಗ ಮುದ್ರೆಯ ಅಚ್ಚು ಇರಲಿಲ್ಲ. ಒಳಗೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಐದೂ ಬೆರಳು ಮೂಡಿದ ನೀಲಿ ಕೈಗುರುತು!

ಆ ಅಚ್ಚು ಒತ್ತಿದ ಸೀಸದ ಬಿಲ್ಲೆ ಅಂಚಿನಲ್ಲಿ ತೂಗಿದರಷ್ಟೇ ನಮ್ಮ ಹೋಲ್ಟ್ಸ್‌ಬಾಖ್ ಊರಿನ ಬಟ್ಟೆಗೆ ಬೆಲೆ. ಅದನ್ನು ಕದ್ದವನ ಬಲಗೈ ಕಡಿಯಬೇಕೆಂದು ಕಾನೂನು. ನೀಲಿ ಕೈ ಎಂದರೆ ಬಣ್ಣಗಾರ ಯೋಬ್ಸ್ಟ್. ಊರು ಎರಡನೆಯ ಹೆಸರು ಯೋಚಿಸಲೇ ಇಲ್ಲ. ಮೇಯರ್ ವಾಲೆಂಟಿನ್ ಹೋರ್ಲಾಖರ್ ಬೆಳಿಗ್ಗೆಯೇ ಶಿಕ್ಷೆಗೆ ರುಜು ಹಾಕಿದರು. ಊರಿನ ದೊಡ್ಡ ಬಟ್ಟೆ ವ್ಯಾಪಾರಿಯೂ ಅವರೇ. ಅವರ ಗುಮಾಸ್ತನಾದ ನಾನು ತೀರ್ಪು ಓದಲು ನಿಂತೆ. ಹೊರಗೆ ಸಂತೆಚೌಕದಲ್ಲಿ ಕೈ ಕಡಿಯುವ ಕೊರಡು ಸಿದ್ಧವಾಗಿತ್ತು.

ಯೋಬ್ಸ್ಟ್ ಒಮ್ಮೆಲೇ ಮುನ್ನುಗ್ಗಿ ಮೇಯರರ ತೋಳು ಹಿಡಿದುಕೊಂಡ.

"ಯಜಮಾನ್ರೇ, ಕೈ ಹೋದ್ರೆ ಮಕ್ಕಳಿಗೆ ಏನು ತಿನ್ನಿಸ್ಲಿ? ನಾನು ಕದ್ದಿಲ್ಲ."

ಕಾವಲುಗಾರರು ಅವನನ್ನು ಎಳೆದರು. ಮೇಯರರ ಮಗ ಎಂಡ್ರೆಸ್ ಮುಖ ಸಿಂಡರಿಸಿದ. "ಅಪ್ಪಾ, ತೋಳು ಕೊಳೆಯಾಯ್ತು."

ಮೇಯರ್ ತಮ್ಮ ಬಿಳಿ ತೋಳುಪಟ್ಟಿ ನೋಡಿಕೊಂಡರು. ನೋಡುತ್ತಲೇ ಇದ್ದರು.

"ಆಗಿಲ್ವಲ್ಲ," ಎಂದರು ಮೆಲ್ಲಗೆ. "ಯೋಬ್ಸ್ಟ್, ನಿನ್ನ ಕೈ ಬೆವರಿದೆ. ಬಣ್ಣ ಯಾಕೆ ಹತ್ಲಿಲ್ಲ?"

"ಚರ್ಮಕ್ಕೆ ಇಳಿದ ಬಣ್ಣ ಯಜಮಾನ್ರೇ. ಸೋಪಿಗೇ ಹೋಗಲ್ಲ, ನಿಮ್ಮ ಅಂಗಿಗೆ ಹೋಗುತ್ತಾ?"

"ಕದಿಯೋಕೆ ಬಣ್ಣದ ಬಾನಿಯಿಂದ ಒದ್ದೆ ಕೈಯಲ್ಲೇ ಬಂದಿರ್ತಾನೆ," ಎಂದ ಎಂಡ್ರೆಸ್.

"ಹಾಗಿದ್ರೆ ಒದ್ದೆ ಬಣ್ಣ ನೂಲಿಗೆ ಹಿಡೀತಿತ್ತು — ಅಲ್ವಾ?" ಎಂದರು ಮೇಯರ್.

ಪೆಟ್ಟಿಗೆಯ ಬಟ್ಟೆಯನ್ನು ತರಿಸಿ ಮೇಜಿನ ಮೇಲೆ ಕೊಡವಿದರು. ನುಣ್ಣನೆಯ ನೀಲಿ ಪುಡಿ ಉದುರಿತು.

"ನಮ್ಮ ಹೊಲದ ನೀಲಿ ಗಿಡದ ಬಣ್ಣ ಸಗಣಿ ಉಂಡೆ ಥರ ಇರುತ್ತೆ," ಎಂದರು ಮೇಯರ್. "ಈ ಪುಡಿ ಹಿಂದೂಸ್ಥಾನದ್ದು. ದೆವ್ವದ ಬಣ್ಣ ಅಂತ ನಾವೇ ನಿಷೇಧ ಮಾಡಿದ್ದು. ಇದ್ರಲ್ಲಿ ಅದ್ದಿದ ಬಟ್ಟೆಗೆ ಮುದ್ರೆ ಸಿಗಲ್ಲ. ಅದಕ್ಕೇ ಕಳ್ಳನಿಗೆ ಅಚ್ಚು ಬೇಕಾಯ್ತು."

"ಮತ್ತೆ ಕೈಗುರುತು?" ಎಂದೆ.

"ಬೇಕಂತಲೇ ಒತ್ತಿದ್ದು. ಬಣ್ಣಗಾರನ ಕೈನ ನಾವ್ಯಾರೂ ಮುಟ್ಟಲ್ಲ, ಅಂಗಿ ಕೊಳೆಯಾಗುತ್ತೆ ಅಂತ. ಮುಟ್ಟಿದ್ರೆ ತಾನೇ ಅದು ಹತ್ತಲ್ಲ ಅಂತ ಗೊತ್ತಾಗೋದು? ನನಗೂ ಗೊತ್ತಿರ್ಲಿಲ್ಲ, ಅವನಿಗೂ ಗೊತ್ತಿರ್ಲಿಲ್ಲ."

"ಅವನಿಗೆ ಅಂದ್ರೆ — ಯಾರಿಗೆ?" ಎಂದು ಕೇಳಿದೆ.

ಮೇಯರ್ ತಮ್ಮ ಕುತ್ತಿಗೆಯಲ್ಲಿ ತೂಗುತ್ತಿದ್ದ ಕೀಲಿಕೈ ಮುಟ್ಟಿಕೊಂಡರು. "ಪೆಟ್ಟಿಗೆಯ ಬೀಗ ಮುರಿದಿಲ್ಲ. ಇರೋದು ಇದೊಂದೇ ಕೀಲಿ. ಸ್ನಾನಕ್ಕೆ ಇಳಿಯುವಾಗ ಮಾತ್ರ ತೆಗೀತೀನಿ, ಅದೂ ಮನೇಲಿ. ಈ ಪುಡಿ ಸಿಗೋದು ಫ್ರಾಂಕ್‌ಫರ್ಟ್ ಜಾತ್ರೆಯಲ್ಲಿ ಮಾತ್ರ. ಈ ವರ್ಷ ಅಲ್ಲಿಗೆ ಈ ಊರಿಂದ ಹೋಗಿದ್ದು ಒಂದೇ ಗಾಡಿ, ನಂದು. ಹೊಡ್ಕೊಂಡು ಹೋಗಿದ್ದು ನೀನು, ಎಂಡ್ರೆಸ್. ಅಚ್ಚು ಎಲ್ಲಿ?"

ಎಂಡ್ರೆಸ್ ಒಂದು ಹೆಜ್ಜೆ ಹಿಂದೆ ಸರಿದ. "ಉಗ್ರಾಣದಲ್ಲಿ... ಅಪ್ಪಾ, ಅಗ್ಗದ ಬಣ್ಣದಿಂದ ನಿಮ್ಮ ವ್ಯಾಪಾರ ಉಳಿಸೋಕೆ..."

ಮೇಯರ್ ನನ್ನ ಕೈಯಿಂದ ತೀರ್ಪಿನ ಕಾಗದ ತೆಗೆದುಕೊಂಡು ಯೋಬ್ಸ್ಟ್‌ನ ಹೆಸರು ಹೊಡೆದುಹಾಕಿದರು. ಮಗನ ಹೆಸರು ಬರೆದರು. ನನಗೆ ಅತ್ತ ನೋಡಲಾಗಲಿಲ್ಲ.

ಕಾವಲುಗಾರರು ಬಿಟ್ಟೊಡನೆ ಯೋಬ್ಸ್ಟ್ ಮಂಡಿಯೂರಿದ. "ಹುಡುಗನ ಕೈ ಬಿಟ್ಬಿಡಿ ಯಜಮಾನ್ರೇ."

"ಬೆಳಿಗ್ಗೆ ನಿನ್ನ ಕೈ ಕಡಿಯೋಕೆ ರುಜು ಹಾಕ್ದಾಗ ಇವನು ನನ್ನ ಪಕ್ಕದಲ್ಲೇ ನಿಂತಿದ್ದ," ಎಂದರು ಮೇಯರ್. "ಬಿಟ್ಬಿಡಿ ಅಂತ ಒಂದು ಮಾತು ಆಡ್ಲಿಲ್ಲ."