ಇಲ್ಲ ಎನ್ನುವ ಮೈನಾ

ಬಹಳ ಬಹಳ ಕಾಲದ ಹಿಂದೆ, ಕಂಕಣಾವತಿ ಎಂಬ ರಾಜ್ಯದಲ್ಲಿ ಬಾಳಕ್ಕ, ಕೆಂಚಿ ಎಂಬ ಅಕ್ಕತಂಗಿಯರಿದ್ದರು. ಬೆಳಗಾಗುತ್ತಲೇ ಅರಮನೆಯ ಬಾಗಿಲಲ್ಲಿ ಹಾಡಿ ರಾಜನನ್ನು ಎಬ್ಬಿಸುವುದು ಅವರ ಕೆಲಸ. ಅಕ್ಕ ಕಿನ್ನರಿ ಮೀಟುತ್ತ ಹಾಡುವಳು, ತಂಗಿ ಹಿಮ್ಮೇಳ. ರಾಜ ಚಂದ್ರಕೇತುವಿಗೆ ಬೇಗ ಎಚ್ಚರವಾಗುತ್ತಿರಲಿಲ್ಲ, ಹೀಗಾಗಿ ಹಾಡು ಉದ್ದ. ಊರಿನ ಸುದ್ದಿಯೆಲ್ಲ ಅದರಲ್ಲಿ ಬರುತ್ತಿತ್ತು.

ಆ ರಾಜ್ಯದಲ್ಲಿ ಹಾಡುವವರಿಗೆ ಒಂದು ಕಟ್ಟಳೆ ಇತ್ತು. ಒಂದು ಸಾಲು ಹಾಡಿದ ಕೂಡಲೇ ಹಿಮ್ಮೇಳದವರು 'ಹೌದು' ಅನ್ನಬೇಕು. ಸಾಲು ಸುಳ್ಳಾದರೆ 'ಇಲ್ಲ' ಅನ್ನಬೇಕು. 'ಇಲ್ಲ' ಬಂತೋ, ಹಾಡುವವರು ನೆಲ ಮುಟ್ಟಿ ಆ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಹಿಮ್ಮೇಳವಿಲ್ಲದೆ ಹಾಡಿದರೆ ಅದು ಹಾಡೇ ಅಲ್ಲ. ಇದೊಂದು ಕಡಿವಾಣ ಬಿಟ್ಟರೆ ಅವರಿಗೆ ಬೇರೆ ಕಡಿವಾಣ ಇರಲಿಲ್ಲ.

ಹೀಗಿರಲು, ಧೂಮಜಟಿ ಎಂಬ ಮಂತ್ರವಾದಿ ಆ ರಾಜ್ಯಕ್ಕೆ ಬಂದ. ಬಂದವನೇ ಬೆಳ್ದೊರೆ ಹೊಳೆಯನ್ನು ದಡದಿಂದ ದಡಕ್ಕೆ ಸುತ್ತಿ ತನ್ನ ಕಮಂಡಲದೊಳಗೆ ಹಾಕಿಕೊಂಡ. "ಹೊಳೆ ತಪಸ್ಸಿಗೆ ಹೋಗಿದೆ, ಮಹಾಪ್ರಭು. ಪುಣ್ಯ ಸಂಪಾದಿಸಿಕೊಂಡು ಬರುತ್ತದೆ," ಎಂದ. ರಾಜ ನಂಬಿದ. ಅಂದಿನಿಂದ ಸಭೆ ಸೇರಿದಾಗಲೆಲ್ಲ ಮಂತ್ರವಾದಿ "ಹೊಳೆ ತಪಸ್ಸಿಗೆ ಹೋಗಿದೆ" ಅನ್ನುವನು, ಸಭೆ "ಹೌದು" ಅನ್ನುವುದು. ಆ 'ಹೌದೇ' ಕಮಂಡಲದ ಮುಚ್ಚಳವಾಗಿತ್ತು. ಇದು ಮಂತ್ರವಾದಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆ ಬಾಯಾರಿಕೆ ಮಾತ್ರ ಗೊತ್ತಿತ್ತು.

ಆದರೆ ಹೊಳೆಯನ್ನು ಸುತ್ತಿದ ದಿನ ಅಕ್ಕತಂಗಿಯರು ಬಂಡೆಯ ಮರೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಕೆಂಚಿಯ ಕೈಯಲ್ಲಿದ್ದ ಸೀರೆಯೂ ಹೊಳೆಯ ಜೊತೆಗೇ ಕಮಂಡಲ ಸೇರಿತ್ತು.

ಬಾಳಕ್ಕ ಸುಮ್ಮನಿರಲು ನೋಡಿದಳು. ಊರಿನ ಮಕ್ಕಳು ಕೆಸರು ಹಿಂಡಿ ಕುಡಿಯುವುದನ್ನು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ. ಮರುದಿನ ಬೆಳಿಗ್ಗೆ ಅರಮನೆಯ ಬಾಗಿಲಲ್ಲಿ ಹಾಡಿದಳು: "ಹೊಳೆಯಿರುವುದು ಕಮಂಡಲದಲ್ಲಿ."

"ಹೌದು," ಎಂದಳು ಕೆಂಚಿ.

ರಾಜ ಎಂದೂ ಇಲ್ಲದಂತೆ ಒಂದೇ ಸಾಲಿಗೆ ಎದ್ದು ಕೂತ. ಮಂತ್ರವಾದಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕೆಂಚಿಯ ಮೇಲೆ ಬೂದಿ ಎರಚಿ, "ಇನ್ನು ಯಾರು ಏನು ಹಾಡಿದರೂ ನಿನ್ನ ಬಾಯಲ್ಲಿ 'ಇಲ್ಲ' ಬಿಟ್ಟು ಬೇರೆ ಬರದಿರಲಿ!" ಎಂದ. ಕೆಂಚಿ ಮೈನಾ ಹಕ್ಕಿಯಾದಳು. ಅವಳನ್ನು ಪಂಜರದಲ್ಲಿ ಹಾಕಿದರು.

ರಾಜ ತೀರ್ಪು ಕೊಟ್ಟ. "ಬಾಳಕ್ಕ, ಮೂರು ದಿನ ಸಭೆಯಲ್ಲಿ ಹಾಡು. ಒಬ್ಬರಾದರೂ ಹಿಮ್ಮೇಳಕ್ಕೆ ಕೂತು ಹೌದು ಅಂದರೆ ನಿನ್ನ ತಂಗಿ ನಿನಗೆ. ಇಲ್ಲವಾದರೆ ಅವಳು ಕಡೆತನಕ ಹಕ್ಕಿ."

ಮೊದಲ ದಿನ ಬಾಳಕ್ಕ ಆಸ್ಥಾನದ ವಿದ್ವಾಂಸರ ನಡುವೆ ಕೂತು ಹಾಡಿದಳು: "ಹೊಳೆಯಿರುವುದು ಕಮಂಡಲದಲ್ಲಿ." ವಿದ್ವಾಂಸರು ಮೇಲೆ ನೋಡಿದರು, ಕೆಳಗೆ ನೋಡಿದರು. ಹಿರಿಯರೊಬ್ಬರು ಕೆಮ್ಮಿದರು. "ರಾಗ ಚೆನ್ನಾಗಿತ್ತು. ಸಾಹಿತ್ಯದ ಬಗ್ಗೆ ನಾವು ಏನೂ ಹೇಳೋ ಹಾಗಿಲ್ಲ," ಎಂದರು.

ಎರಡನೆಯ ದಿನ ಊರ ಜನರ ನಡುವೆ ಕೂತು ಅದೇ ಸಾಲು ಹಾಡಿದಳು. ಜನ ಗುಸುಗುಸು ಅಂದರು, ಹೌದು ಅನ್ನಲಿಲ್ಲ. ಸಭೆ ಮುಗಿದ ಮೇಲೆ ಮಾತ್ರ ಅವಳ ಹಿಂದೆಯೇ ಬಂದರು.

"ನಿಜವೇ ಇರಬಹುದು ತಾಯಿ, ಆದರೆ ಅದನ್ನ ಹಾಡಬೇಕಾಗಿತ್ತಾ?" ಎಂದ ಗಾಣದವನು.

"ಇಷ್ಟು ಮೆತ್ತಗೆ ಹಾಡಿದರೆ ಯಾರಿಗೆ ತಾನೆ ಕೇಳ್ತದೆ? ನಾವಾಗಿದ್ದರೆ ಕಿರುಚುತ್ತಿದ್ದೆವು," ಎಂದಳು ಹೂವಿನವಳು.

"ಹೆಂಗೂ ಹಾಡ್ತೀಯಲ್ಲ, ನಮ್ಮ ಪಕ್ಕದ ಮನೆಯವನು ಕಳ್ಳ ಅಂತಲೂ ಒಂದು ಸಾಲು ಸೇರಿಸು," ಎಂದ ಇನ್ನೊಬ್ಬ.

"ಅವನು ಕದ್ದದ್ದು ನೀನು ಕಂಡೆಯಾ?"

"ಕಂಡಿಲ್ಲ. ಮುಖ ನೋಡಿದರೇ ಗೊತ್ತಾಗ್ತದೆ."

ಬಾಳಕ್ಕ ಮುಂದೆ ನಡೆದಳು. ಅವಳಿಗೆ ಮಂತ್ರವಾದಿಯ ಮೇಲಿನ ಸಿಟ್ಟೂ ಉಳಿದಿರಲಿಲ್ಲ, ಬರೀ ಸಾಕಾಗಿತ್ತು. ಪಂಜರದ ಹತ್ತಿರ ಕೂತು ಮೈನಾಕ್ಕೆ ಕಾಳು ಹಾಕಿದಳು. "ಕೆಂಚಿ, ಸೋತೆ ಕಣೇ. ಹೊಳೆ ಎಲ್ಲಾದರೂ ಇರಲಿ. ನೀನು ಮನೆಗೆ ಬಾ," ಎಂದಳು. ಮೈನಾ ತಲೆ ಓರೆಮಾಡಿ ಅವಳನ್ನೇ ನೋಡಿತು.

ಆಗ ಮಂತ್ರವಾದಿ ಮೆಲ್ಲಗೆ ಬಂದ. "ನಾಳೆ ತಪ್ಪೊಪ್ಪಿಗೆ ಹಾಡು, ಬಾಳಕ್ಕ. ಹೊಳೆ ತಪಸ್ಸಿಗೆ ಹೋಗಿದೆ ಅಂತ ಹಾಡಿಬಿಡು. ಆ ಗಳಿಗೆಯಲ್ಲೇ ನಿನ್ನ ತಂಗಿಯನ್ನ ಬಿಡ್ತೀನಿ."

"ಆಗಲಿ," ಎಂದಳು ಬಾಳಕ್ಕ.

ಮೂರನೆಯ ದಿನ ಸಭೆ ತುಂಬಿ ತುಳುಕುತ್ತಿತ್ತು. ತಪ್ಪೊಪ್ಪಿಗೆಯಾದರೂ ಹಾಡು ಹಾಡೇ, ಅದಕ್ಕೆ ಹಿಮ್ಮೇಳ ಬೇಕು. ರಾಜ ವಿದ್ವಾಂಸರನ್ನು ಕರೆದ, ಅವರಿಗೆಲ್ಲ ಒಟ್ಟಿಗೇ ಗಂಟಲು ಕಟ್ಟಿತ್ತು. ಜನರನ್ನು ಕರೆದ. ಬಾಳಕ್ಕನ ಪಕ್ಕದಲ್ಲಿ ಕೂತರೆ ನಾಳೆ ಏನಾದೀತೋ ಎಂದು ಎಲ್ಲರೂ ಹಿಂದೆ ಸರಿದರು. ಗೆಲುವಿನ ಅಮಲಿನಲ್ಲಿದ್ದ ಮಂತ್ರವಾದಿ ನಕ್ಕುಬಿಟ್ಟ. "ಯಾರೂ ಇಲ್ಲದಿದ್ದರೆ ಅವಳ ತಂಗಿಯೇ ಇದ್ದಾಳಲ್ಲ! ಪಂಜರ ತನ್ನಿ, ಮಹಾಪ್ರಭು. ಈ ಹಕ್ಕಿಯೇ ಹಿಮ್ಮೇಳ."

ಪಂಜರ ಬಂತು. ಬಾಳಕ್ಕ ಕಿನ್ನರಿ ಎತ್ತಿಕೊಂಡು, ತಲೆ ತಗ್ಗಿಸಿ ಹಾಡಿದಳು: "ಹೊಳೆ ತಪಸ್ಸಿಗೆ ಹೋಗಿದೆ."

"ಇಲ್ಲ," ಎಂದಿತು ಮೈನಾ.

ಕಮಂಡಲದ ಮುಚ್ಚಳ ಟಕ್ಕೆಂದಿತು. ಬಾಳಕ್ಕ ಬೇಗ ಮುಗಿಸಿಬಿಡೋಣವೆಂದು ಮುಂದಿನ ಸಾಲು ಹಾಡಿದಳು: "ನಾನು ಸುಳ್ಳು ಹಾಡಿದೆ."

"ಇಲ್ಲ," ಎಂದಿತು ಮೈನಾ.

ಯಾರೋ ಕಿಸಕ್ಕೆಂದು ನಕ್ಕರು. ಬಾಳಕ್ಕ ತಂಗಿಯ ಕಣ್ಣು ನೋಡಿದಳು. ಆ ಕಣ್ಣು ಮಿನುಗುತ್ತಿತ್ತು. ಸೋಲುತ್ತೇನೆಂದರೂ ಸೋಲಲು ಬಿಡದ ಹಿಮ್ಮೇಳ! ಬಾಳಕ್ಕನಿಗೆ ಅಳು ಬಂತು, ಅಳುವಿನ ಹಿಂದೆಯೇ ದನಿಯೂ ಬಂತು. ಈ ಸಲ ತಲೆಯೆತ್ತಿ ಹಾಡಿದಳು: "ಧೂಮಜಟಿ ಸತ್ಯವಂತ."

"ಇಲ್ಲ! ಇಲ್ಲ! ಇಲ್ಲ!"

"ನಿಲ್ಲಿಸಿ! ಹಕ್ಕಿಯ ಮಾತು ಲೆಕ್ಕಕ್ಕಿಲ್ಲ!" ಎಂದು ಮಂತ್ರವಾದಿ ಅರಚಿದ.

"ಇದೇ ಹಿಮ್ಮೇಳ ಅಂದವನು ನೀನೇ ಅಲ್ಲವೇನಯ್ಯ?" ಎಂದ ರಾಜ. ಅವನಿಗೆ ಈಗ ನಿಜವಾಗಿ ಎಚ್ಚರವಾಗಿತ್ತು. "ಬಾಳಕ್ಕ, ಕಟ್ಟಳೆ ಪ್ರಕಾರ ನಡೆ."

ಬಾಳಕ್ಕ ನೆಲ ಮುಟ್ಟಿ ಮೂರೂ ಸಾಲುಗಳನ್ನು ಹಿಂದಕ್ಕೆ ತೆಗೆದುಕೊಂಡಳು. ಅಷ್ಟೇ, ಮುಚ್ಚಳ ಹಾರಿತು. ಬೆಳ್ದೊರೆ ಭೋರೆಂದು ಸಭೆಗೆ ನುಗ್ಗಿತು. ವಿದ್ವಾಂಸರು ಕಂಬ ಹತ್ತಿದರು, ರಾಜ ಸಿಂಹಾಸನದ ಮೇಲೆ ನಿಂತುಕೊಂಡ. ಹೊಳೆ ಮಂತ್ರವಾದಿಯನ್ನು ಕೊಚ್ಚಿಕೊಂಡು ಹೋಗಿ ತನ್ನ ಹಳೆಯ ಪಾತ್ರದಲ್ಲಿ ಮಲಗಿತು. ಅವನು ದಡದಲ್ಲಿ ಒಂದು ಕಪ್ಪು ಕಲ್ಲಾದ. ಮುರಿದ ಪಂಜರದಲ್ಲಿ ಕೆಂಚಿ ಒದ್ದೆಯಾಗಿ ಕೂತಿದ್ದಳು. ಅವಳ ಕಳೆದುಹೋದ ಸೀರೆ ತೇಲುತ್ತ ಬಂದು ಅವಳ ಹೆಗಲಿಗೇ ಸುತ್ತಿಕೊಂಡಿತು.

ಜನ ಓಡೋಡಿ ಬಂದರು. "ನಾವು ಮೊದಲೇ ಹೇಳಿರಲಿಲ್ವಾ?" ಎಂದ ಗಾಣದವನು. ಹೂವಿನವಳು ಹಾರ ತಂದಳು. "ನಾಳೆ ಇದನ್ನೇ ಇನ್ನೊಮ್ಮೆ ಹಾಡಿ, ಈ ಸಲ ಊರೆಲ್ಲ ಹಿಮ್ಮೇಳಕ್ಕೆ ಕೂರ್ತೀವಿ!" ಎಂದರು ಎಲ್ಲರೂ.

ಬಾಳಕ್ಕ ತಂಗಿಯನ್ನು ತಬ್ಬಿಕೊಂಡು, ಸಣ್ಣ ದನಿಯಲ್ಲಿ ಕೇಳಿದಳು: "ನಾಳೆ ಹಾಡೋಣವೇನೇ?"

"ಇಲ್ಲ," ಎಂದಳು ಕೆಂಚಿ. "ನಾಳೆ ನಿದ್ದೆ."

ಮರುದಿನ ರಾಜ ತಾನಾಗಿಯೇ ಎದ್ದ. ಊರಿನವರು ಹೊಟ್ಟೆ ತುಂಬ ನೀರು ಕುಡಿದು ಸುಖವಾಗಿದ್ದರು, ಅವರ ಮಕ್ಕಳೂ ಸುಖವಾಗಿದ್ದರು. ದಡದ ಕಪ್ಪು ಕಲ್ಲು ಬಟ್ಟೆ ಒಗೆಯಲು ಬಹಳ ಚೆನ್ನಾಗಿತ್ತಂತೆ. ಅಕ್ಕತಂಗಿಯರು ಮಾತ್ರ ಮಧ್ಯಾಹ್ನದವರೆಗೆ ಮಲಗಿದ್ದರು, ಅವರನ್ನು ಎಬ್ಬಿಸುವ ಧೈರ್ಯ ಆ ರಾಜ್ಯದಲ್ಲಿ ಯಾರಿಗೂ ಬರಲಿಲ್ಲ.